ಒಂದು ಓಟು ಹೆಚ್ಚು

ನೂರ ನಲವತ್ತೇಳು.
ಮೈಕಿನಲ್ಲಿ ಓದುತ್ತಿದ್ದವನ ನಾಲಗೆ
ನಮ್ಮ ಹೆಸರಿನ ಮೇಲೆ ನಿಲ್ಲಲೇ ಇಲ್ಲ,
ನೋಟಾದ ಲೆಕ್ಕಕ್ಕೆ ಹಾಗೇ ಜಾರಿತು.
ಹೊರಗೆ ಗರ್ನಾಲು, ಬಣ್ಣ, ನಾಸಿಕ್ ಬ್ಯಾಂಡು.
ಮೋನಪ್ಪಣ್ಣ ಶಾಲೆಯ ಗೇಟಿನ ಹತ್ತಿರ
ಕಂಕುಳಲ್ಲಿ ಮತದಾರರ ಪಟ್ಟಿ ಇರುಕಿಕೊಂಡು
ಕಡೆಯ ಬಸ್ಸು ತಪ್ಪಿದವರ ಹಾಗೆ ನಿಂತಿದ್ದರು.

"ಠೇವಣಿ ಹೋಯ್ತು," ಅಂದೆ.
"ಅದು ಹೋಗುವುದೇ.
ಆದರೆ ನಲವತ್ತೇಳು ಹೇಗೆ ಮಾರಾಯ್ತಿ?
ನನ್ನ ಲೆಕ್ಕದಲ್ಲಿ ನಲವತ್ತಾರು."

ಜಪ್ಪುವಿನಲ್ಲಿ ನಮ್ಮ ಆಫೀಸು
ಒಣಮೀನಿನ ಅಂಗಡಿಯ ಮಾಳಿಗೆ, ಮರದ ಏಣಿ.
ದೊಡ್ಡ ಪಾರ್ಟಿಯಿಂದ ಸಿಡಿದು ಬಂದದ್ದು ಎಂಬತ್ತರ ಸುಮಾರಿಗೆ,
ಆಮೇಲೆ ಸಿಡಿದದ್ದೂ ಸಿಡಿಯಿತು.
ಒಂದು ಬಣ ಬೆಂಚು ಒಯ್ದಿತು, ಇನ್ನೊಂದು ಗಡಿಯಾರ.
ನಮಗೆ ಉಳಿದದ್ದು ಗಡಿಯಾರದ ಮೊಳೆ.
ಅದರಲ್ಲೀಗ ಛತ್ರಿ ತೂಗುತ್ತದೆ.
ಯಾಕೆ ಸಿಡಿದಿರಿ ಅಂತ ಕೇಳಿದರೆ
ಉಳಿದ ಇಬ್ಬರು ಹಿರಿಯರು ಮೂರು ಕಾರಣ ಹೇಳುತ್ತಾರೆ.

ಆ ರಾತ್ರಿ ಚಾಪೆಯ ಮೇಲೆ ಪಟ್ಟಿ ಬಿಡಿಸಿ
ಮನೆ ಮನೆ ಪೆನ್ಸಿಲು ಓಡಿತು.
ಹಂಚಿನ ಕಾರ್ಖಾನೆಯ ಧೂಳನ್ನು
ಇನ್ನೂ ಕೆಮ್ಮುತ್ತಿರುವ ಸಿರಿಲ್ ಪೊರ್ಬುಗಳು,
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬೂತಿಗೆ ಹೊತ್ತದ್ದು ನಾವೇ.
ನೆಬಿಸಾ, ಅವಳ ಇಬ್ಬರು ನಾದಿನಿಯರು:
ಬ್ರಾಂಚಿನ ಚೆಕ್ಕರು ಮುರಿದು ಚೆಲ್ಲಿದ ಬೀಡಿಯನ್ನು
ಅವನ ಮೇಜಿನ ಮೇಲೇ ಎಣಿಸಿ
ಮಜೂರಿ ವಸೂಲು ಮಾಡಿದವರು.
ಬೋಳಾರದ ಇಳಿಜಾರಿನ ಏಳು ಮನೆ,
ನದಿಯ ಕಡೆಯ ನಾಲ್ಕು.
ನಮ್ಮ ಅಭ್ಯರ್ಥಿ ವಾರಿಜಕ್ಕ ಗೋಡೆಗೊರಗಿ
ನಾಳೆಯ ಸಾವಿರಕ್ಕೆ ಎಲೆ ಕತ್ತರಿಸುತ್ತಿದ್ದಳು.
"ನಮ್ಮವರದ್ದು ಬರೆಯಬೇಡಿ," ಅಂದಳು.
"ಓಟಿನ ದಿನ ನನ್ನ ಮುಖ ನೋಡದೆ ಗಂಜಿ ಉಂಡರು."
ಕತ್ತರಿ ನಿಲ್ಲಲಿಲ್ಲ.

ನೂರ ನಲವತ್ತಾರು. ಮತ್ತೆ ಎಣಿಸಿದರೂ ಅಷ್ಟೇ.
ಹಾಗಾದರೆ ಆ ಒಂದು?
ರಿಟೈರಾದ ಚೆಕ್ಕರು?
ಬೆಂಚು ಒಯ್ದವರ ಪೈಕಿ ಯಾರಾದರೂ?
ನಾನಂದೆ, ಯಾರೋ ತಪ್ಪಿ ಒತ್ತಿರಬೇಕು.
"ತಪ್ಪಿ ಅಂತ ಮಾತ್ರ ಹೇಳಬೇಡ,"
ಚುನಾವಣೆ ಶುರುವಾದಲ್ಲಿಂದ ಮೊದಲ ಸಲ
ಮೋನಪ್ಪಣ್ಣನಿಗೆ ಸಿಟ್ಟು ಬಂತು.

ಸೋಮವಾರ ಬೀಗ ತೆಗೆಯುವಾಗ
ಏಣಿಯ ಬುಡದಲ್ಲಿ ಆಗಲೇ ಹನ್ನೊಂದು ಜೋಡಿ ಚಪ್ಪಲಿ.
ಓಟು ಎಲ್ಲಿಗೋ, ಅರ್ಜಿ ಇಲ್ಲಿಗೇ.
ಗೆದ್ದವರ ಬೂತಿನಲ್ಲಿ ಚೀಟಿ ಹರಿದುಕೊಟ್ಟ ಹುಡುಗನೂ ಇದ್ದ,
ಕಿವಿಯ ಹಿಂದೆ ವಿಜಯದ ಬಣ್ಣ ತೊಳೆದು ಮುಗಿದಿರಲಿಲ್ಲ.
ಜೊತೆಗೆ ಅವನ ಅಜ್ಜಿ.
ಕಂಪನಿಯ ಪುಸ್ತಕದಲ್ಲಿ ಗುಲಾಬಿ, ಆಧಾರಿನಲ್ಲಿ ಗುಲ್ಲು,
ಇಬ್ಬರೂ ಒಬ್ಬಳೇ ಅಂತ ಪಿಎಫ್ ಆಫೀಸು ಒಪ್ಪುವುದಿಲ್ಲ.
ಬೆರಳಿಡಿಸಿದರೆ ಯಂತ್ರ ಮೂರು ಸಲ ಇಲ್ಲ ಅಂದಿತಂತೆ.
ಐವತ್ತು ವರ್ಷ ಎಲೆ ಸುರುಳಿದ ಬೆರಳು,
ಗೆರೆಗಳೆಲ್ಲ ಬೀಡಿಯ ಜೊತೆ ಹೋಗಿದ್ದವು.

ಉಗುರಿನ ಬುಡದಲ್ಲಿ ಮಾತ್ರ
ಓಟಿನ ಶಾಯಿ ಕಪ್ಪಗೆ ಇತ್ತು.
ಮೋನಪ್ಪಣ್ಣ ಅದನ್ನು ನೋಡಿದರು,
ಮೊಮ್ಮಗನನ್ನು ನೋಡಿದರು,
ಕನ್ನಡಕ ಒರೆಸಿದರು.
ಕೇಳುತ್ತಾರೆ ಅಂದುಕೊಂಡೆ.

"ಕೆಲಸಕ್ಕೆ ಸೇರಿದ್ದು ಯಾವ ವರ್ಷ?"

"ವರ್ಷ ಎಲ್ಲ ನನಗೆ ಗೊತ್ತುಂಟಾ," ಅಂದಳು ಅಜ್ಜಿ,
"ಸ್ಟ್ರೈಕಿನ ಮರುವರ್ಷ."

ಯಾವ ಸ್ಟ್ರೈಕು ಅಂತ ಕೇಳದೆ
ಅವರು ಪೆನ್ಸಿಲು ಬಿಟ್ಟು ಪೆನ್ನು ತೆಗೆದುಕೊಂಡು ಬರೆದರು:
ಎಪ್ಪತ್ತೆರಡು.